ಬಿಸಿಲಿದ್ದೂ ನಿಂತುಹೋದ ಗ್ರೈಂಡರ್

ಇಂಗ್ಲಿಷ್ ಓದಲು ಬರುವುದು ಒಂದು ವಿದ್ಯೆ, ಓದಿದ್ದು ತಲೆಗೆ ಹೋಗುವುದು ಇನ್ನೊಂದು ವಿದ್ಯೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಮೊದಲನೆಯದನ್ನು ಚೆನ್ನಾಗಿಯೇ ಕಲಿಸಿದರು. ಹುಣಸೂರಿನ ನಮ್ಮ ಬೀದಿಗೆ ಮಿಕ್ಸಿ, ಮಾತ್ರೆ, ಕುಕ್ಕರು ಯಾವುದರ ಜೊತೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ನನ್ನ ಕನ್ನಡಕದ ಮುಂದೆ ಹಾಜರಾಗುತ್ತದೆ. ಈ ವಯಸ್ಸಿನಲ್ಲಿ ನನಗುಳಿದಿರುವ ಪೊಸಿಷನ್ ಇದೊಂದೇ. ಹಾಗಾಗಿ ಮೈದುನ ಮೈಸೂರಿನಿಂದ ಸೋಲಾರ್ ಪ್ಯಾನೆಲ್ ತಂದಾಗ, ಅದರ ಪುಸ್ತಿಕೆ ಓದುವ ಹಕ್ಕು ಯಾರೂ ಕೊಡದೆಯೇ ನನ್ನದಾಯಿತು.

ಇದು ಬ್ಯಾಟರಿ ಇಲ್ಲದ ಸೋಲಾರ್. ತಾರಸಿಯಲ್ಲಿ, ನಾವು ಸಂಡಿಗೆ ಒಣಗಿಸುತ್ತಿದ್ದ ಒಳ್ಳೆಯ ಜಾಗದಲ್ಲೇ, ಎರಡು ಪ್ಯಾನೆಲ್. ಅವುಗಳ ಬೆನ್ನಿಗೊಂದು ಡಬ್ಬಿ. ಡಬ್ಬಿಯ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಬಿಸಿಲೇ ಕರೆಂಟಾಗಿ ಮನೆಯೊಳಗೆ ಬರುತ್ತದೆ, ಬಿಲ್ಲು ಒಂದಿಷ್ಟು ಇಳಿಯುತ್ತದೆ. ಸಾಕೆಟ್ಟಿನಿಂದ ಕರೆಂಟು ತೆಗೆದೇ ಅಭ್ಯಾಸವಾದ ನಮಗೆ ಅದು ತವರಿನಿಂದ ತರುವ ಬದಲು ತವರಿಗೇ ಅಕ್ಕಿ ಹೊತ್ತುಕೊಂಡು ಹೋದ ಹಾಗೆ ಕಂಡಿತು. ಟಿವಿ, ಮೊಬೈಲುಗಳ ಎಕ್ಸ್‌ಟೆನ್ಷನ್ ಬಾಕ್ಸಿಗೇ ಅದನ್ನೂ ಸಿಕ್ಕಿಸಲು ಹೊರಟ ಮೈದುನನನ್ನು ಪುಸ್ತಿಕೆ ತೋರಿಸಿ ತಡೆದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದಕ್ಕೆಂದೇ ಬೇರೆ ಲೈನ್ ಎಳೆಸಿದೆ. ಮುಂದಿನ ಪುಟದಲ್ಲಿ ಒಂದು ವಾಕ್ಯವಿತ್ತು: ‘ಇನ್ ದಿ ಇವೆಂಟ್ ಆಫ್ ಗ್ರಿಡ್ ಫೇಲ್ಯೂರ್, ದಿ ಯೂನಿಟ್ ಶಲ್ ಸೀಸ್ ಟು ಆಪರೇಟ್.’ ಆ ‘ಶಲ್’ ಕೇಳಿ ಎಷ್ಟು ಕಾಲವಾಗಿತ್ತೋ. ಮಾರ್ನಿಂಗ್ ಅಸೆಂಬ್ಲಿ, ಸಿಸ್ಟರ್‌ಗಳ ಬಿಳಿ ಗೌನು, ಗುಲ್ಮೊಹರ್ ಮರ ಎಲ್ಲ ನೆನಪಾಗಿ ಓರಗಿತ್ತಿ ಶಾರದೆಗೆ ಅದನ್ನು ಮತ್ತೆ ಗಟ್ಟಿಯಾಗಿ ಓದಿದೆ. “ಚೆನ್ನಾಗಿದೆ ಅಕ್ಕ” ಎಂದಳು. ಅರ್ಥದ ಗೊಡವೆಗೆ ಇಬ್ಬರೂ ಹೋಗಲಿಲ್ಲ.

ಎದುರು ಮನೆಯ ಮಾದೇವಮ್ಮನ ಮಗಳಿಗೆ ಸೀಮಂತ ಗೊತ್ತಾಯಿತು. ಅಳಿಯ ಲೋಕೇಶ ಲೈನ್‌ಮನ್. ಸೀಮಂತದ ದಿನವೇ ಲೈನ್ ಕೆಲಸಕ್ಕೆಂದು ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆಂದು ಅವನೇ ಬಂದು ಹೇಳಿದ. ಮಧ್ಯಾಹ್ನ ಆರತಿಯ ಹೊತ್ತಿಗೆ ಕಂಬ ಇಳಿದು ಬರುತ್ತಾನಂತೆ. “ಒಬ್ಬಟ್ಟಿನ ಹೂರಣ ರುಬ್ಬದು ಎಂಗೆ ಮೇಡಮ್ಮಾರೆ? ಬಸ್ರಿ ಹೆಂಗ್ಸು ಬಾಯ್ಬುಟ್ಟು ಕೇಳವ್ಳೆ” ಎಂದು ಮಾದೇವಮ್ಮ ಪೇಚಾಡಿಕೊಂಡಳು. ನಾನು ಕನ್ನಡಕ ಸರಿಮಾಡಿಕೊಂಡು, “ನಮ್ಮ ಮನೆಗೆ ತನ್ನಿ. ಸೂರ್ಯ ಇರೋವರೆಗೆ ನಮಗೆ ನೋ ಪವರ್ ಕಟ್” ಎಂದುಬಿಟ್ಟೆ.

ಸೀಮಂತದ ಬೆಳಿಗ್ಗೆ ಬೇಯಿಸಿದ ಬೇಳೆ, ಬೆಲ್ಲದ ಪಾತ್ರೆಗಳನ್ನು ಹೊತ್ತು ಹೆಂಗಸರು ಬಂದರು. ಗ್ರೈಂಡರು ನಾಲ್ಕು ಸುತ್ತು ತಿರುಗಿತು, ಲೈನಿನ ಕರೆಂಟು ಹೋಯಿತು, ಗ್ರೈಂಡರು ಒಮ್ಮೆ ನರಳಿ ನಿಂತಿತು. ಹೊರಗೆ ಸಂಡಿಗೆ ತಾನಾಗಿ ಕರಿದುಕೊಳ್ಳುವಂಥ ಬಿಸಿಲು.

“ಇದ್ಯಾಕ್ ಮೇಡಮ್ಮಾರೆ ಮನಗ್ಬುಡ್ತು?” ಎಂದಳು ಮಾದೇವಮ್ಮ.

ಪುಸ್ತಿಕೆ ತಂದು ಅದೇ ವಾಕ್ಯ ಓದಿದೆ. ಈ ಸಲ ಸಂಗೀತ ಕೇಳಿಸಲಿಲ್ಲ, ಅರ್ಥ ಮಾತ್ರ ಕೇಳಿಸಿತು. “ಲೈನಲ್ಲಿ ಕರೆಂಟಿಲ್ಲದಾಗ ಇದೂ ಕೊಡಲ್ವಂತೆ.”

“ಅಂದ್ರೆ ಕರೆಂಟಿದ್ದಾಗ ಮಾತ್ರ ಕರೆಂಟು ಕೊಡ್ತದಾ? ಹೊಟ್ಟೆ ತುಂಬಿದೋರ್ನ ಊಟಕ್ಕೆ ಕರ್ದಂಗಾಯ್ತು ಕಣ್ರೀ.”

ಆಗ ಎದ್ದವನು, ಹೆಂಗಸರ ಜೊತೆ ಪಾತ್ರೆ ಹೊತ್ತು ಬಂದಿದ್ದ ಮಾದೇವಮ್ಮನ ತಮ್ಮ ಪುಟ್ಟರಾಜು. ಪಂಪ್‌ಸೆಟ್ ಮೋಟಾರು ರಿಪೇರಿಯವನು. “ಯಾಕಕ್ಕ ಚಿಂತೆ? ಅಂಗ್ಡಿ ಜನರೇಟ್ರು ತಂದು ಈ ಸಾಕೆಟ್‌ಗೇ ಚುಚ್ಚುತೀನಿ. ಲೈನ್ ಬಂತು ಅಂದ್ಕೊಂಡು ಡಬ್ಬಿ ತಾನೇ ಎದ್ಕತದೆ” ಎಂದ. ಮಾದೇವಮ್ಮನ ಮುಖ ಅರಳಿತು. ನನ್ನದೂ ಅರಳಿತೆಂದೇ ಹೇಳಬೇಕು; ಹೋಗುತ್ತಿದ್ದ ಮರ್ಯಾದೆ ಬಾಗಿಲ ಬಳಿ ನಿಂತು ಹಿಂತಿರುಗಿ ನೋಡಿತ್ತು. ಆದರೆ ಆ ವಾಕ್ಯದ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದಿತ್ತು, ಡಬ್ಬಿ ಸುಮ್ಮನಾಗುವುದು ಲೈನ್ ಮುಟ್ಟಿ ಕೆಲಸ ಮಾಡುವವರ ಜೀವಕ್ಕಾಗಿ ಎಂದು. ಓದಿ ತಲೆಯೆತ್ತಿದರೆ ಕಿಟಕಿಯಾಚೆ ಮೂಲೆಯ ಕಂಬ.

“ಪುಟ್ಟರಾಜು, ನೀನು ಬಿಟ್ಟ ಕರೆಂಟು ಮನೆಯೊಳಗೇ ಇರುತ್ತೆ ಅಂತ ಏನಪ್ಪ ಗ್ಯಾರಂಟಿ? ಮೀಟರ್ ದಾಟಿ ತಂತಿಗೆ ಹೋದರೆ ಅಲ್ಲಿ ಯಾರಿದಾರೆ ನೋಡು.”

ಸೀಮಂತದ ಹೊಸ ಶರ್ಟಿನ ಮೇಲೇ ಬೆಲ್ಟು ಬಿಗಿದುಕೊಂಡು, ಕಂಬದ ಮೇಲೊಬ್ಬ ತಂತಿಗೆ ಕೈಹಾಕಿದ್ದ.

“ನಮ್ ಲೋಕೇಸ” ಎಂದ ಪುಟ್ಟರಾಜು, ಮೆಲ್ಲಗೆ.

ಮಾದೇವಮ್ಮ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. “ಬ್ಯಾಡ ಬುಡ್ಲಾ. ಒಬ್ಬಟ್ಟಿಲ್ದಿದ್ರೆ ಪಾಯ್ಸ ಮಾಡಾದು.”

ಶಾರದೆ ಹಿತ್ತಲಿಗೆ ಹೋಗಿ, ಒರಳಿನ ಮೇಲೆ ನಾನು ಡೆಕೊರೇಷನ್ನಿಗೆಂದು ಇಟ್ಟಿದ್ದ ಕ್ರೋಟನ್ ಕುಂಡ ಇಳಿಸಿ, ಕಲ್ಲು ತೊಳೆದು ಕೂತಳು. ಹೆಂಗಸರು ಸರದಿಯಲ್ಲಿ ರುಬ್ಬಿದರು. ನನಗೆ ಕುರ್ಚಿ ಹಾಕಿಕೊಟ್ಟರು. ಮಧ್ಯಾಹ್ನ ಲೋಕೇಶ ಮುಖ ತೊಳೆದು ಬಂದು ಎಲೆಯ ಮುಂದೆ ಕೂತು, “ಹೂರಣ ಬಲ್ ನುಣ್ಣಗದೆ. ಸೋಲಾರ್‌ದಾ ಮೇಡಮ್ಮಾರೆ?” ಎಂದು ಕೇಳಿದ. ಶಾರದೆ ತನ್ನ ಕೆಂಪಾದ ಅಂಗೈ ನೋಡಿಕೊಂಡಳು.

ಪ್ಯಾನೆಲ್ಲಿಗೆ ಈಗಲೂ ನಮ್ಮಲ್ಲಿ ಮರ್ಯಾದೆಯಿದೆ, ಬಿಲ್ಲೂ ಇಳಿದಿದೆ. ಕರೆಂಟು ಹೋದ ದಿನ ಬೀದಿಯವರು ಈಗ ನಮ್ಮ ಮನೆಗೇ ಬರುತ್ತಾರೆ, ನೇರವಾಗಿ ಹಿತ್ತಲಿಗೆ. ಮೊನ್ನೆ ಕಾಫಿ ಕುಡಿಯುತ್ತ ಶಾರದೆ ಅಂದಳು: “ಅಕ್ಕ, ಆ ಡಬ್ಬಿ ಥೇಟ್ ನಿಮ್ಮ ಹಾಗೇ. ಎಲ್ಲ ಸರಿ ಇದ್ದಾಗ ಬಲು ಜೋರು, ಬೇಕಾದ ಹೊತ್ತಿಗೆ ಗಪ್‌ಚುಪ್.” ಇದಕ್ಕೆ ‘ಶಲ್’ ಇರುವಂಥದ್ದೇ ಒಂದು ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫ್ಯಾನು ನಿಂತಿತು, ಕರೆಂಟು ಹೋಯಿತು. ನಾನೂ ಸುಮ್ಮನಾದೆ. ಹೊರಗೆ ಕಂಬದ ಮೇಲೆ ಯಾರಿದ್ದಾರೋ ಏನೋ.