ವಾಸಿಯಾದ ಇಲಿಯ ಓಟ

ಸೂಕ್ಷ್ಮಪ್ಪ ಸೀನಿದ್ದೇ ತಪ್ಪಾಯಿತು. ಇಲಿಗೂಡಿನ ಹತ್ತಿ ಬದಲಿಸಲು ಬಾಗಿಲು ತೆರೆದಿದ್ದ. ಸೀನಿ ಕಣ್ಣು ಬಿಡುವಷ್ಟರಲ್ಲಿ ಬಿಳಿ ಬಾಲವೊಂದು ಹೊಸ್ತಿಲು ದಾಟಿತ್ತು.

ಕಣ್ಣಿಗೆ ಕಾಣದ್ದರ ಹಿಂದೆಯೇ ಆರು ವರ್ಷ ಅಲೆದವನಿಗೆ ಪ್ರಯೋಗಾಲಯದವರು ಇಟ್ಟ ಹೆಸರದು. ಕೂದಲೆಳೆಗಿಂತ ಸಾವಿರ ಪಾಲು ಸಣ್ಣ ಗುಳ್ಳೆಗಳಲ್ಲಿ ಮದ್ದು ತುಂಬಿ ರಕ್ತಕ್ಕೆ ಬಿಡುವುದು ಅವನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವು ಕ್ಯಾನ್ಸರ್ ಹತ್ತಿದ ರಕ್ತಕಣಗಳನ್ನಷ್ಟೇ ಹುಡುಕಿ ಮದ್ದು ಸುರಿಯಬೇಕು. ಒಳ್ಳೆಯ ಕಣಗಳ ತಂಟೆಗೆ ಹೋಗಬಾರದು. ಗೂಡಿನಲ್ಲಿದ್ದವರು ಅದೇ ಕಾಯಿಲೆಯ ಇಬ್ಬರು ಅಣ್ಣತಮ್ಮಂದಿರು. ಕಿವಿಯಲ್ಲಿ ಒಂದು ಕಚ್ಚು ಇದ್ದವನಿಗೆ ಮದ್ದು, ಎರಡು ಕಚ್ಚಿನವನಿಗೆ ಹೋಲಿಸಿ ನೋಡಲೆಂದು ಬರೀ ಉಪ್ಪುನೀರು. ಹನ್ನೊಂದಕ್ಕೆ ಸಂಶೋಧನೆಗೆ ಹಣ ಕೊಡುವ ಸಮಿತಿ ಬರುವುದಿತ್ತು. ಅವರು ತಲೆದೂಗಿದರೆ ಇನ್ನೆರಡು ವರ್ಷ ಕೆಲಸ, ಇಲ್ಲದಿದ್ದರೆ ಗಂಟುಮೂಟೆ.

ಉಳಿದವನು ಹತ್ತಿಯಡಿ ಮುದುಡಿ ಬಿದ್ದಿದ್ದ. 'ಪಾಪ, ಉಪ್ಪುನೀರಿನವನು. ಇವನಿಗೆ ಓಡೋ ತಾಕತ್ತು ಎಲ್ಲಿಂದ ಬರಬೇಕು? ಓಡಿದವನೇ ನನ್ನವನು!' ಎಂದುಕೊಂಡ ಸೂಕ್ಷ್ಮಪ್ಪನಿಗೆ ಆ ಗಾಬರಿಯಲ್ಲೂ ಎದೆಯುಬ್ಬಿತು.

ಕೆಳಗಿನ ಮಹಡಿಯ ಗ್ರಂಥಾಲಯಕ್ಕೆ ಅವನು ಓಡಿ ಬಂದಾಗ, ಪುಸ್ತಕ ಕೊಡುವ ಅಕ್ಕ ಮೇಜು ಹತ್ತಿ ನಿಂತಿದ್ದರು.

"ಏನಯ್ಯಾ ಇದು! ಹೊಸ ಅಳಿಯನ ಥರ ನುಗ್ಗಿಬಿಡ್ತು!"

"ಕಿರುಚಬೇಡಿ ಅಕ್ಕಾ, ಅದು ರೋಗಿ."

"ರೋಗಿನಾ? ಮೂರು ಕಪಾಟು ಹಾರ್ತಲ್ಲೋ!"

ಅಷ್ಟರಲ್ಲಿ ಸೆಕ್ಯುರಿಟಿಯಣ್ಣ ಪೊರಕೆ ಎತ್ತಿಕೊಂಡು ಬಂದ. "ಪಕ್ಕಕ್ಕೆ ಬನ್ನಿ ಸಾರ್, ಒಂದೇ ಏಟು."

"ಅಣ್ಣಾ, ಕೈ ಮುಗೀತೀನಿ! ಅದರ ಮೈಯಲ್ಲಿ ನನ್ನ ಆರು ವರ್ಷ ಇದೆ!"

"ಹಂಗಾದ್ರೆ ನೀವೇ ಹಿಡ್ಕೊಳ್ಳಿ," ಎಂದು ಅವನು ಪೊರಕೆ ಎಸೆದ. ಅದು ನೆಲ ಒರೆಸುವ ಬಕೆಟ್ಟಿಗೆ ಬಡಿಯಿತು. ನೀರು ಹರಿಯಿತು. ಇಲಿ ಜಾರಿತು, ಅದನ್ನು ಹಿಡಿಯಲು ಹಾರಿದ ಸೂಕ್ಷ್ಮಪ್ಪನೂ ಜಾರಿ, ಕುಂಬಳಕಾಯಿಯ ಹಾಗೆ ಮೆಟ್ಟಿಲುರುಳಿ, ಹತ್ತಿ ಬರುತ್ತಿದ್ದ ಸಮಿತಿಯ ಕಾಲಬುಡದಲ್ಲಿ ಬಿದ್ದ. ಇಲಿ ಮಾತ್ರ ಮುಷ್ಟಿಯಲ್ಲಿ ಭದ್ರ.

ಸಮಿತಿಯ ಹಿರಿಯ ಡಾಕ್ಟರಮ್ಮ ಹುಬ್ಬೇರಿಸಿದರು. "ಏನ್ರೀ ಇದು?"

"ಸಾಕ್ಷಿ, ಮೇಡಂ!" ಸೂಕ್ಷ್ಮಪ್ಪ ಮಲಗಿದಲ್ಲಿಂದಲೇ ಹೇಳಿದ. "ಹೋದ ತಿಂಗಳು ತಲೆ ಎತ್ತೋಕೂ ಆಗ್ತಿರಲಿಲ್ಲ. ಇವತ್ತು ಕಟ್ಟಡಾನೇ ಸುತ್ತಿಸಿಬಿಡ್ತು. ಇನ್ನು ರಕ್ತಪರೀಕ್ಷೆ ಯಾಕೆ? ಈ ಓಟಾನೇ ಸಾಕು!"

ಸಮಿತಿಯವರು ಅದನ್ನು ಅಕ್ಷರಶಃ ಬರೆದುಕೊಂಡರು. ಗ್ರಂಥಾಲಯದ ಅಕ್ಕ ಮೇಲಿನಿಂದ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕನ್ನಡಕ ಏರಿಸಿ ಇಲಿಯ ಕಿವಿ ಬಿಡಿಸಿದರು.

"ಎರಡು ಕಚ್ಚು ಅಂದ್ರೆ ಮದ್ದಿನವನು, ಅಲ್ವೇನಪ್ಪಾ?"

"ಅಲ್ಲ ಮೇಡಂ... ಅವನು ಉಪ್ಪುನೀರಿನವನು," ಎಂದ ಸೂಕ್ಷ್ಮಪ್ಪ. ಎಲ್ಲರೂ ಮೆರವಣಿಗೆಯಲ್ಲಿ ಮೇಲೆ ಬಂದು ಹತ್ತಿ ಸರಿಸಿದರು. ಒಂದು ಕಚ್ಚಿನವನು ಹೊಟ್ಟೆ ಬಿರಿಯುವಂತೆ ತಿಂದು, ಸುಖವಾಗಿ ಮಲಗಿದ್ದ. ಒಂದು ಕಣ್ಣು ತೆರೆದು ಸಮಿತಿಯನ್ನು ನೋಡಿ, ಮಗ್ಗುಲು ಬದಲಿಸಿದ.

"ಮೇಡಂ... ಆ ರಕ್ತಪರೀಕ್ಷೆ..."

"ಬೇಡ ಅಂದೋರು ನೀವೇ ಅಲ್ವಾ?"

ಡಾಕ್ಟರಮ್ಮ ಕಾಗದಕ್ಕೆ ಸಹಿ ಹಾಕಿ ಅವನ ಕೈಗಿತ್ತರು. ಎರಡು ವರ್ಷ ಮಂಜೂರಾಗಿತ್ತು. ಸಂಶೋಧನೆಯ ವಿಷಯ ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ಉಪ್ಪುನೀರು.