ಮಾವನ ಊರಿನಲ್ಲಿ ಮಾರುಕಟ್ಟೆ ಸಮೀಕ್ಷೆ

ಗೊತ್ತಿಲ್ಲದವರು ಪ್ರಶ್ನೆ ಕೇಳುತ್ತಾರೆ, ಗೊತ್ತಿದ್ದವರು ಉತ್ತರ ಹೇಳುತ್ತಾರೆ ಎಂಬುದು ಲೋಕದ ರೀತಿ. ನಮ್ಮ ಮಾಸ್ತರ ಮಂದಿಯದು ಮಾತ್ರ ಉಲ್ಟಾ. ಉತ್ತರ ಬಾಯಿಪಾಠವಾಗಿದ್ದರೂ ನಾವು ಕೇಳುತ್ತಲೇ ಇರುತ್ತೇವೆ. ಈ ಚಟವನ್ನು ಕಾಲೇಜಿನ ಗೇಟಿನಲ್ಲಿ ಬಿಟ್ಟು ಬರಲು ನನಗಂತೂ ಸಾಧ್ಯವಾಗಿಲ್ಲ. ಚಿಕ್ಕೋಡಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಇದು ಯಾವ ಊರಿನದು, ಬಾವಿಯ ನೀರಿನದೋ ಕಾಲುವೆಯ ನೀರಿನದೋ, ಹೋದ ವಾರ ಒಯ್ದವರು ಏನೆಂದರು ಎಂದು ನಾನು ವಿಚಾರಿಸುತ್ತಿರುವಾಗಲೇ ನನ್ನ ಹೆಂಡತಿ ಪದ್ಮಾ ಪಕ್ಕದವಳ ಹತ್ತಿರ ಬದನೆಕಾಯಿ ಕೊಂಡು, ಕೊತ್ತಂಬರಿಯನ್ನು ಪುಕ್ಕಟೆ ಹಾಕಿಸಿಕೊಂಡು, ಬಸ್ ಸ್ಟ್ಯಾಂಡಿನ ದಾರಿ ಹಿಡಿದಿರುತ್ತಾಳೆ. ನಾನು ಕಲಿಸುವುದು ಕಾಮರ್ಸ್. ‘ಮಾರುಕಟ್ಟೆ ಸಮೀಕ್ಷೆ’ ಎಂಬ ಪಾಠವನ್ನು ವರ್ಷವರ್ಷವೂ ಹೇಳುತ್ತ ಬಂದಿದ್ದೆ. ಒಂದಾದರೂ ಸಮೀಕ್ಷೆಯನ್ನು ನಾನು ಮಾಡಿರಲಿಲ್ಲ. ನನಗೆ ಆ ಪಾಠ ಹೇಳಿದವರೂ ಮಾಡಿದಂತೆ ಕಾಣಲಿಲ್ಲ. ಆದರೂ ಪಾಠ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ಪದ್ಮಾಳ ತಮ್ಮ ಅಜಿತ ಆಗಷ್ಟೇ ಬಿ.ಎ. ಮುಗಿಸಿ ಭೋಜ ಎಂಬ ಹಳ್ಳಿಯ ತನ್ನ ಮನೆಯಲ್ಲಿ ಕೂತಿದ್ದ. ನೌಕರಿ ಸಿಗಲಿಲ್ಲ ಎಂದರೆ ತಪ್ಪಾದೀತು, ಅವನು ಹುಡುಕಲೇ ಇಲ್ಲ. ಹುಡುಕಲು ಪುಸ್ತಕದಿಂದ ತಲೆ ಎತ್ತಬೇಕಲ್ಲ. ಕಬ್ಬಿಗೆ ನೀರು ಬಿಡಲು ಕಳಿಸಿದರೆ ಬದುವಿನ ಮೇಲೆ ಕೂತು ಕಾದಂಬರಿ ಓದುತ್ತಿದ್ದ, ನೀರು ಪಕ್ಕದವರ ಹೊಲಕ್ಕೆ ಹೋಗಿ ಅವರ ಕಬ್ಬು ಸೊಂಪಾಗಿ ಬೆಳೆಯುತ್ತಿತ್ತು. ನನ್ನ ಮಾವ ಅಣ್ಣಾಸಾಹೇಬರಿಗೆ ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಕೋಣೆ ಇತ್ತು. ಅದರಲ್ಲಿ ಪುಸ್ತಕದ ಅಂಗಡಿ ಇಡುತ್ತೇನೆ ಎಂದು ಅಜಿತ ಹಟ ಹಿಡಿದ. ಅದೇ ಕೋಣೆಯನ್ನು ರಸಗೊಬ್ಬರದ ವ್ಯಾಪಾರಿಯೊಬ್ಬರು ಒಳ್ಳೆಯ ಬಾಡಿಗೆಗೆ ಕೇಳಿದ್ದರು. ಗೊಬ್ಬರ ಗೆದ್ದರೆ ಅಜಿತ ನಿಪ್ಪಾಣಿಯಲ್ಲಿ ಸೋದರಮಾವನ ತಂಬಾಕಿನ ವಖಾರಿಗೆ ಹೋಗಿ ನಿಲ್ಲಬೇಕೆಂದು ತೀರ್ಮಾನವಾಗಿತ್ತು. ತಂಬಾಕು ಪೇರಿಸಿಟ್ಟ ಆ ವಖಾರಿಯ ಬಾಗಿಲಿಗೆ ಬಂದರೆ ಸಾಕು, ಹುಡುಗನಿಗೆ ಸೀನು ಶುರುವಾಗಿ ಕಣ್ಣೆಲ್ಲ ಕೆಂಪಾಗುತ್ತಿತ್ತು. ಅವನ ಇಡೀ ಬಾಳು ಹೀಗೆ ಸೀನುತ್ತ ಕಳೆಯುತ್ತದಲ್ಲ ಎಂದು ಪದ್ಮಾ ಅತ್ತೇಬಿಟ್ಟಳು. ನನಗೂ ಮರುಕವಾಯಿತು. ಅದಕ್ಕಿಂತ ಹೆಚ್ಚಾಗಿ, ಚಿಕ್ಕೋಡಿಯ ನಮ್ಮ ಮನೆಯಿಂದ ಕೂಗಳತೆಯಲ್ಲಿ ಭಾವಮೈದುನನದೇ ಪುಸ್ತಕದ ಅಂಗಡಿ ಇದ್ದರೆ ಎಷ್ಟು ಅನುಕೂಲ ಎಂಬುದೂ ಹೊಳೆಯಿತು.

“ಚಿಕ್ಕೋಡ್ಯಾಗ ಪುಸ್ತಕ ಯಾರ ತಗೋತಾರ್ರಿ?” ಎಂದು ಮಾವನವರು ನನ್ನನ್ನೇ ಕೇಳಿದರು. “ನೀವು ಕಲ್ತವರು, ನೀವ ಹೇಳ್ರಿ.” ತೆಗೆದುಕೊಳ್ಳುತ್ತಾರೆ ಎಂದೋ ಇಲ್ಲವೆಂದೋ ಒಂದೇ ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕನ್ನಡಕ ಸರಿಪಡಿಸಿಕೊಂಡು, ಹಾಗೆಲ್ಲ ಅಂದಾಜಿನಲ್ಲಿ ಹೇಳಬಾರದು, ಶಾಸ್ತ್ರೀಯವಾಗಿ ಸಮೀಕ್ಷೆ ಮಾಡಬೇಕು ಎಂದುಬಿಟ್ಟೆ. ಮಾವನವರು ಬಾಯೊಳಗಿನ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, ಹಾಗಾದರೆ ಮಾಡಿರಿ ಎಂದರು.

ದೀಪಾವಳಿಯ ರಜೆಯಲ್ಲಿ ಪ್ರಶ್ನೆಗಳನ್ನು ಬರೆದು ಕಾಲೇಜಿನ ಗುಮಾಸ್ತರ ಕೈಕಾಲು ಹಿಡಿದು ಸೈಕ್ಲೋಸ್ಟೈಲ್ ಮಾಡಿಸಿದೆ. ಪುಸ್ತಕ ಕೊಳ್ಳುತ್ತೀರೋ, ಎರವಲು ತರುತ್ತೀರೋ, ಓದುತ್ತೀರೋ, ಓದುವುದಾದರೆ ಕನ್ನಡದಲ್ಲೋ ಮರಾಠಿಯಲ್ಲೋ, ಚಿಕ್ಕೋಡಿಯಲ್ಲಿ ಅಂಗಡಿಯಾದರೆ ಅಲ್ಲಿ ಕೊಳ್ಳುವಿರೋ, ಹೀಗೆ. ಇನ್ನು ಯಾವ ಊರಿನಲ್ಲಿ ಕೇಳಬೇಕು ಎಂಬ ವಿಚಾರ. ರಾಯಬಾಗಕ್ಕೆ ಹೋದರೆ ಬಿಸಿಲು, ಹಾರೂಗೇರಿಗೆ ಹೋದರೆ ಊಟದ ಪಂಚಾಯಿತಿ, ನನ್ನ ಸ್ವಂತ ಊರು ಅಥಣಿಗೆ ಹೋದರೆ ನಾನು ಏನು ಕೇಳಿದರೂ ‘ನಿಮ್ಮಪ್ಪ ಹ್ಯಾಂಗ ಅದಾರ?’ ಎಂದು ಅವರೇ ನನ್ನನ್ನು ಕೇಳುತ್ತಾರೆ. ಭೋಜವೇ ಸರಿ ಎಂದು ಕಂಡಿತು. ಅಲ್ಲಿಯ ಜನ ತಾಲೂಕು ಕಚೇರಿ, ಕೋರ್ಟು ಎಂದು ಹೇಗೂ ಚಿಕ್ಕೋಡಿಗೆ ಬರುತ್ತಾರೆ. ಅತ್ತೆಯ ಮನೆಯಲ್ಲಿ ಊಟ ವಸತಿಗೆ ತೊಂದರೆಯಿಲ್ಲ. ಮಾಹಿತಿ ಕೊಡುವವರು ಸುಲಭವಾಗಿ ಸಿಗುವಂತಿರಬೇಕು ಎಂದು ನಾನು ಹೇಳುವ ಪಾಠದಲ್ಲೇ ಇದೆಯಲ್ಲ.

ಸುಲಭವಾಗಿ ಸಿಕ್ಕರು. ಬಾಗಿಲಲ್ಲೇ ಕಾಯುತ್ತ ನಿಂತಿದ್ದರು ಎಂದರೂ ನಡೆದೀತು. ನನ್ನ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಮುಂದೆ ನಡೆದರು, ಕಾಗದದ ಕಟ್ಟು ಹಿಡಿದು ನಾನು ಹಿಂದೆ. ಮನೆಯೊಳಗೆ ಕಾಲಿಟ್ಟೊಡನೆ ಚಾಪೆ ಹಾಸಿ ಅವಲಕ್ಕಿ, ಶೇಂಗಾ ಉಂಡಿ, ಚಹಾ. ಅದು ಮುಗಿಯದೆ ಪ್ರಶ್ನೆ ಕೇಳುವಂತಿರಲಿಲ್ಲ. ಪ್ರಶ್ನೆ ಮುಗಿದ ಮೇಲೆ ಟೋಪಿ, ಟಾವೆಲ್, ತೆಂಗಿನಕಾಯಿ ಕೊಟ್ಟು ಕುಂಕುಮ ಹಚ್ಚುತ್ತಿದ್ದರು, ಏಕೆಂದರೆ ಮದುವೆಯಾದ ಮೇಲೆ ಆ ಮನೆಗಳಿಗೆ ನಾನು ಹೋಗಿದ್ದು ಅದೇ ಮೊದಲ ಸಲ. ಕತ್ತಲಾಗುವ ಮುಂಚೆ ಊಟ ಮುಗಿಸುವ ಜೈನರ ಮನೆಗಳೇ ಹೆಚ್ಚು. ಹೀಗಾಗಿ ಸಂಜೆಯಾಗುತ್ತಲೇ ಎಲ್ಲರಿಗೂ ನನಗೆ ಉಣಿಸುವ ಅವಸರ. ಸಮೀಕ್ಷೆಯ ಕಾಗದಗಳು ಒಂದು ಕೈಯಲ್ಲಿ, ಕಾಯಿಗಳ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ಓಣಿಯಲ್ಲಿ ನಡೆಯುವಾಗ, ಹಿಂದಿನ ಸಮೀಕ್ಷಕರಾರಿಗೂ ಇಂಥ ಸಹಕಾರ ಸಿಕ್ಕಿರಲಾರದು ಎಂದು ನನಗೆ ಹೆಮ್ಮೆಯೆನಿಸಿತು.

ಉತ್ತರಗಳಂತೂ ಕಣ್ಣಲ್ಲಿ ನೀರು ತರಿಸುವಂತಿದ್ದವು. ಪುಸ್ತಕ ಕೊಳ್ಳುತ್ತೀರಾ ಎಂದರೆ, ಕೊಳ್ಳದೆ ಏನು ಎನ್ನುತ್ತಿದ್ದರು. ಅಂಗಡಿಯಾದರೆ ಬರುತ್ತೀರಾ ಎಂದರೆ, ದಿನಾಲೂ ಬರುತ್ತೇವೆ ಎನ್ನುತ್ತಿದ್ದರು. ಅಕ್ಷರವೇ ಕಲಿಯದ ಒಬ್ಬ ಅಜ್ಜಿ ತನಗೆ ಎರಡು ಪುಸ್ತಕ ಬೇಕು, ದಪ್ಪನ್ನವು ಇರಲಿ ಎಂದಳು. ಕನ್ನಡವೋ ಮರಾಠಿಯೋ ಎಂದು ಕೇಳಿದರೆ, ನಿಮಗೆ ಯಾವುದು ಸೇರುತ್ತದೋ ಅದು ಎಂದಳು. ಬಾಳಪ್ಪ ಎಂಬ ಒಬ್ಬ ರೈತ, ವರ್ಷಕ್ಕೆ ಎಷ್ಟು ಪುಸ್ತಕ ಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ತಲೆ ಕೆರೆದುಕೊಂಡು, ನನ್ನ ಅತ್ತೆಯ ಮುಖ ನೋಡಿ, ಮೆಲ್ಲಗೆ ನನ್ನತ್ತ ಬಾಗಿ, “ನಿಮಗ ಎಷ್ಟ ಬೇಕಾಗ್ಯಾವ್ರಿ? ಅಷ್ಟ ಬರಕೋರಿ” ಎಂದ. ಎಂಥ ವಿನಯ ಎಂದುಕೊಂಡು ನಾನು ಒಂದು ದೊಡ್ಡ ಅಂಕಿಯನ್ನೇ ಬರೆದುಕೊಂಡೆ.

ಇಡೀ ಊರಿನಲ್ಲಿ ಇಲ್ಲವೆಂದವನು ಒಬ್ಬನೇ. ಬಳ್ಳಾರಿ ಕಡೆಯಿಂದ ವರ್ಗವಾಗಿ ಬಂದು ಬಾಡಿಗೆ ಕೋಣೆಯಲ್ಲಿದ್ದ ಕನ್ನಡ ಶಾಲೆಯ ಮಾಸ್ತರ. ತಾನು ಪುಸ್ತಕ ಕೊಳ್ಳುವುದಿಲ್ಲ, ಯಾರಲ್ಲಾದರೂ ಇದ್ದರೆ ಕೇಳಿ ತಂದು ಓದುತ್ತೇನೆ, ಈ ಊರಿನಲ್ಲಿ ಉಳಿದವರೂ ಹಾಗೇ ಎಂದು ಕಡ್ಡಿ ಮುರಿದಂತೆ ಹೇಳಿದ. ಚಹಾ ಕೂಡ ಕೊಡಲಿಲ್ಲ. ಇಂಥವರು ಎಲ್ಲ ಕಡೆ ಇರುತ್ತಾರೆ, ಅಪವಾದವೆಂದು ಬಿಟ್ಟುಬಿಡಬೇಕು ಎಂದು ಅವನ ಕಾಗದವನ್ನು ಬದಿಗಿಟ್ಟೆ.

ಫಲಿತಾಂಶವನ್ನು ಮಾವನವರ ಮುಂದೆ ಓದಿದೆ. ಭೋಜದ ಜನರಷ್ಟು ಪುಸ್ತಕಪ್ರೇಮಿಗಳು ಸುತ್ತಲಿನ ಸೀಮೆಯಲ್ಲಿ ಇರಲಾರರು ಎಂಬುದು ಅದರ ಸಾರ. ಮಾವನವರು ಪೂರ್ತಿ ಕೇಳಿ, ಛಲೋ ಆತು ಎಂದು ಕೋಣೆಯ ಕೀಲಿಯನ್ನು ಅಜಿತನ ಕೈಗೆ ಕೊಟ್ಟರು. ಪದ್ಮಾ ಅಂದು ನನ್ನನ್ನು ನೋಡಿದ ರೀತಿಯಲ್ಲಿ ಮದುವೆಯ ಹೊಸದರಲ್ಲೂ ನೋಡಿರಲಿಲ್ಲ.

ಅಂಗಡಿಯಾಯಿತು. ಮಾತಿಗೆ ತಪ್ಪದೆ ಭೋಜದವರೆಲ್ಲ ಬಂದರು. ಕೋರ್ಟಿನ ಕೆಲಸ ಮುಗಿಸಿ ಬಸ್ಸಿಗೆ ಕಾಯುವವರು ಬಂದು ಬೆಂಚಿನ ಮೇಲೆ ಕೂತರು, ಅಜಿತ ತರಿಸಿದ ಚಹಾ ಕುಡಿದರು, ಸಂತೆಯ ಚೀಲಗಳನ್ನು ಕಾದಂಬರಿಗಳ ಮೇಲೆ ಇಟ್ಟು ಇನ್ನೊಂದು ಸುತ್ತು ಹೋಗಿ ಬಂದರು. ಬಸ್ಸು ಬರುವತನಕ ಓದಿ, ಕಥೆ ಅರ್ಧಕ್ಕೇ ನಿಂತರೆ “ಓದಿ ಕೊಡ್ತೀನೋ ಅಜಿತ” ಎಂದು ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಕಾಕಾ, ಮಾಮಾ, ಅಣ್ಣ ಎಂದು ಕರೆಯುವವರ ಹತ್ತಿರ ಅಜಿತ ಬೆಲೆ ಕೇಳುವುದು ಹೇಗೆ? ಪುಸ್ತಕಗಳು ಭೋಜಕ್ಕೆ ಹೋಗಿ, ಅಲ್ಲಿಂದ ಬೀಗರ ಜೊತೆ ಕಾಗವಾಡಕ್ಕೂ ರಾಯಬಾಗಕ್ಕೂ ಹೋಗಿ, ಬಾಣಂತನ ಮುಗಿಸಿಕೊಂಡು ಬರುವ ಹೆಣ್ಣುಮಕ್ಕಳಂತೆ ಮೈಕೈ ತುಂಬಿಕೊಂಡು ತಿರುಗಿ ಬರುತ್ತಿದ್ದವು. ಒಂದೂ ಕಳೆಯಲಿಲ್ಲ, ಒಂದೂ ಮಾರಾಟವಾಗಲಿಲ್ಲ. ಗೊಬ್ಬರದ ವ್ಯಾಪಾರಿ ದಿನಕ್ಕೊಮ್ಮೆ ಅಂಗಡಿಯ ಮುಂದೆ ಹಾಯ್ದು ಒಳಗೆ ಇಣುಕಿ ನೋಡಿ ಹೋಗತೊಡಗಿದರು. ನಿಪ್ಪಾಣಿಯ ಸೋದರಮಾವ ವಖಾರಿಯಲ್ಲಿ ಜಾಗ ಇನ್ನೂ ಖಾಲಿ ಇದೆ ಎಂದು ಹೇಳಿ ಕಳಿಸಿದರು. ಆ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ, ರುಚಿಸುವಂತೆ ಪದ್ಮಾ ಮಾಡಲೂ ಇಲ್ಲ.

ಆಗ ಬಂದವನು, ದಪ್ಪನ್ನ ಪುಸ್ತಕ ಬೇಕೆಂದಿದ್ದ ಅಜ್ಜಿಯ ಮಗ. ತಾಯಿಯ ವ್ರತ ಮುಗಿದು ಉದ್ಯಾಪನೆಯಿತ್ತು. ಅಂದು ಬಂದವರಿಗೆಲ್ಲ ಏನಾದರೂ ಹಂಚುವುದು ಜೈನರ ಪದ್ಧತಿ, ಅದರಲ್ಲೂ ಶಾಸ್ತ್ರದಾನವೆಂದು ಪುಸ್ತಕ ಹಂಚಿದರೆ ದೊಡ್ಡ ಪುಣ್ಯ. ತಾನು ಓದಲಿಕ್ಕೆ ಒಂದು ಪುಸ್ತಕವನ್ನೂ ಕೊಳ್ಳದ ಆತ ಊರಿಗೆ ಹಂಚಲು ಒಂದು ಚಕ್ಕಡಿ ಗಾಡಿಯಷ್ಟು ಕೊಂಡ. ಬೆಲೆಯಲ್ಲಿ ಚೌಕಾಶಿ ಕೂಡ ಮಾಡಲಿಲ್ಲ. ಪುಣ್ಯದ ಕೆಲಸದಲ್ಲಿ ಮಾಡಬಾರದಂತೆ. ಒಬ್ಬರು ಹಂಚಿದರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಅವರನ್ನು ನೋಡಿ ಮದುವೆಯವರೂ ಬಂದರು, ಸ್ಟೀಲಿನ ಬಟ್ಟಲಿನ ಬದಲು ಪುಸ್ತಕ ಹಂಚಿದರು. ಅಜಿತನ ಅಂಗಡಿ ಕಣ್ಣು ಬಿಟ್ಟಿತು. ಗೊಬ್ಬರದವರು ಬೇರೆ ಕೋಣೆ ನೋಡಿಕೊಂಡರು, ಪದ್ಮಾ ಮತ್ತೆ ಒಗ್ಗರಣೆಗೆ ಇಂಗು ಹಾಕತೊಡಗಿದಳು.

ಗೆದ್ದ ಮೇಲೆ ಸುಮ್ಮನಿರುವುದು ನನ್ನ ಸ್ವಭಾವದಲ್ಲಿಲ್ಲ. ಒಂದು ರವಿವಾರ ಭೋಜಕ್ಕೆ ಹೋದಾಗ ಪಡಸಾಲೆಯಲ್ಲಿ ಮಾವನವರ ಎದುರು ಕೂತು, ನೋಡಿದಿರಾ, ಸ್ವಲ್ಪ ತಡವಾದರೂ ನನ್ನ ಸಮೀಕ್ಷೆಯೇ ನಿಜವಾಯಿತು ಎಂದೆ. ಅವರು ತಂಬಾಕಿನ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ ನಕ್ಕರು.

“ಅಳಿಯಂದ್ರ ಮಾರಿ ಮುಂದ ಇಲ್ಲ ಅನ್ನುವಂಥಾ ಮನಿ ಈ ಊರಾಗ ಯಾವ್ದೈತ್ರಿ? ನೀವು ಆನಿ ತಗೋತೀರೇನ ಅಂತ ಕೇಳಿದ್ರೂ ಹೂಂ ಅಂತಿದ್ರು.”

ನನಗೆ ಒಮ್ಮೆಲೇ ಬಾಳಪ್ಪನ ಮುಖ, ಅಜ್ಜಿಯ ಮುಖ ಎಲ್ಲ ಕಣ್ಣ ಮುಂದೆ ಬಂದವು. ಅದು ಗೊತ್ತಿದ್ದೂ ಕೋಣೆಯನ್ನು ಯಾಕೆ ಕೊಟ್ಟಿರಿ ಎಂದು ಕೇಳಿದೆ.

“ನೀವು ಕೇಳಿದ್ರಲ್ಲಾ” ಎಂದರು ಮಾವನವರು. “ನಾನೂ ಇದ ಊರಾಂವ ಅದೀನ್ರಿ.”

ಮಾವನವರು ಎಲೆಯನ್ನು ಕೆಳಗಿಟ್ಟು, ಈಗ ನಾನು ನಿಮಗೊಂದು ಪ್ರಶ್ನೆ ಕೇಳಲೇ ಎಂದರು. ಕೇಳಿರಿ ಎಂದೆ.

“ಅಜಿತನ ಅಂಗಡ್ಯಾಗ ನೀವು ಇಲ್ಲೀತನಾ ಎಷ್ಟ ಪುಸ್ತಕ ತಗೊಂಡ್ರಿ?”

ದಿನಾ ಸಂಜೆ ಹೋಗುತ್ತಿದ್ದೆ. ಅರ್ಧ ಅಂಗಡಿ ಓದಿ ಮುಗಿಸಿದ್ದೆ. ಉಳಿದ ಅರ್ಧದಲ್ಲಿ ಕೆಲವು ನನ್ನ ಮನೆಯಲ್ಲೇ ಇದ್ದವು. ಮನೆಯ ಅಳಿಯನ ಹತ್ತಿರ ಬೆಲೆ ಕೇಳುವಷ್ಟು ಮರ್ಯಾದೆಗೆಟ್ಟವನಾಗಿರಲಿಲ್ಲ ಅಜಿತ.

“ತಗೋತೀನ್ರಿ ಮಾವ” ಎಂದೆ. “ತಗೊಳ್ದ ಏನ್ರಿ?”

ಮಾವನವರು ತಲೆಯಾಡಿಸಿ, ಒಳಗೆ ತಿರುಗಿ, ಅಳಿಯಂದಿರಿಗೆ ಚಹಾ ತರಲು ಹೇಳಿದರು.