ಮನೆಯೊಂದು, ಗೃಹಪ್ರವೇಶ ಎರಡು

ಸಿಂಚನಾ, ತೇಜಸ್, ಇಬ್ಬರೂ ಇಲ್ಲಿ ಬನ್ನಿ. ಬಾಯಿ ಬಿಟ್ಟು ಹೇಳಲಾರದ್ದನ್ನು ಅಜ್ಜಿ ಬರೆದು ಹೇಳುತ್ತಿದ್ದೇನೆ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ನನಗೆ ಈಗಲೂ ನಾಲಿಗೆ ಒಣಗುತ್ತದೆ. ಊರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಎದ್ದು ನಿಂತು ಕಾಲಿನ ಹೆಬ್ಬೆರಳು ನೋಡುತ್ತಿದ್ದವಳು ನಾನು. ಆದರೆ ಲೆಕ್ಕದಲ್ಲಿ ಮಾತ್ರ ಗಟ್ಟಿಗಿತ್ತಿ. ಕೂಡುವುದು, ಕಳೆಯುವುದು ಎರಡೂ ಚೆನ್ನಾಗಿ ಬರುತ್ತಿತ್ತು. ಆ ಧೈರ್ಯದ ಮೇಲೆ ಅರವತ್ತು ದಾಟಿದ ವಯಸ್ಸಿನಲ್ಲಿ ಮನೆ ಕಟ್ಟಲು ಹೊರಟೆ. ಕಳೆಯುವುದು ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದು ಆಮೇಲೆ ತಿಳಿಯಿತು!

ಮೂಡಲಪಾಳ್ಯದಲ್ಲಿ ನಿಮ್ಮ ತಾತ ಕೊಂಡಿದ್ದ ಸೈಟು ಇತ್ತಲ್ಲ, ಅದರಲ್ಲಿ ಶೀಟಿನ ಮನೆಯೊಂದಿತ್ತು. ಮಳೆ ಬಂದರೆ ಒಳಗೆ ಮಾತು ಕೇಳುತ್ತಿರಲಿಲ್ಲ, ಬಿಸಿಲು ಬಂದರೆ ಒಳಗೆ ಕೂರಲಾಗುತ್ತಿರಲಿಲ್ಲ. "ಮುಂದಿನ ವರ್ಷ ಕಟ್ಟೋಣ ಕಣೇ" ಎನ್ನುತ್ತಲೇ ಅವರು ಹೊರಟುಹೋದರು. ಅವರು ಬಿಟ್ಟುಹೋದ ಗಂಟು, ತವರಿನ ಜಮೀನಿನಲ್ಲಿ ನನ್ನ ಪಾಲಿಗೆ ಬಂದ ದುಡ್ಡು, ಎರಡನ್ನೂ ಸೇರಿಸಿ ನೋಡಿದೆ. ಕೆಳಗೆ ನನಗೊಂದು ಮನೆ, ಮೇಲೆ ಬಾಡಿಗೆಗೊಂದು ಮನೆ. ಸಾಕಾಗುತ್ತಿತ್ತು. ಸಾಕಾಗಿ ಸ್ವಲ್ಪ ಉಳಿಯುತ್ತಲೂ ಇತ್ತು!

ನಿಮ್ಮಮ್ಮ ಗೀತಾ ಕೆಂಗೇರಿಯಿಂದ ಬಂದು ನನ್ನ ಲೆಕ್ಕ ನೋಡಿದಳು. ಇಟ್ಟಿಗೆ, ಸಿಮೆಂಟು, ಕಬ್ಬಿಣ, ಮರಳು, ಕೂಲಿ ಎಲ್ಲ ಬರೆದಿದ್ದೆ. ಕೊನೆಯಲ್ಲಿ "ಇತರೆ ಖರ್ಚು: ಹತ್ತು ಸಾವಿರ" ಎಂದಿತ್ತು.

"ಅಮ್ಮಾ, ಮನೆ ಕಟ್ಟೋಕೆ ಇತರೆ ಖರ್ಚು ಹತ್ತು ಸಾವಿರಾನಾ?"

"ಯಾಕೆ, ಜಾಸ್ತಿ ಆಯ್ತಾ?" ಎಂದೆ.

ಅವಳು ಹಣೆ ಹಿಡಿದುಕೊಂಡಳು. "ನೋಡಮ್ಮ, ಈ ವಯಸ್ಸಲ್ಲಿ ನೀನು ಸಾಲ ಗೀಲ ಮಾಡೋ ಹಾಗಿಲ್ಲ. ದುಡ್ಡು ಸಾಲ್ದೆ ಮನೆ ಅರ್ಧಕ್ಕೆ ನಿಂತ್ರೆ, ಹೇಗಿದ್ಯೋ ಹಾಗೇ ಲೀಸಿಗೆ ಕೊಟ್ಟು ನಮ್ಮ ಜೊತೆ ಫ್ಲ್ಯಾಟಿಗೆ ಬಂದ್ಬಿಡಬೇಕು. ಆಯ್ತಾ?"

"ಆಯ್ತು," ಎಂದೆ. ನಿಮ್ಮ ಮನೆಗೆ ಬರಲು ನನಗೆ ಬೇಸರವೆಂದುಕೊಳ್ಳಬೇಡಿ. ಆದರೆ ನಿಮ್ಮ ಲಿಫ್ಟಿನಲ್ಲಿ ಗುರುತಿಲ್ಲದವರ ಮುಖಕ್ಕೆ ಮುಖ ಕೊಟ್ಟು ಅಷ್ಟು ಮಹಡಿ ಹತ್ತುವುದು ನನ್ನಿಂದಾಗದ ಮಾತು. ನನಗೆ ನನ್ನ ಬೀದಿ, ನನ್ನ ಹೊಸ್ತಿಲು, ಅದರ ಮುಂದೆ ನಾನಿಡುವ ರಂಗೋಲಿ ಬೇಕಿತ್ತು. ಅಷ್ಟೇ ನನ್ನ ಆಸೆ.

ಮೊದಲ ಪೆಟ್ಟು ಹಳೇ ಮನೆಯನ್ನು ಒಡೆಸುವಾಗಲೇ ಬಿತ್ತು. ಹಳೇ ಶೀಟು, ಬಾಗಿಲು, ಕಿಟಕಿ ಕೊಂಡವನು ನನಗೇ ದುಡ್ಡು ಕೊಡುತ್ತಾನೆಂದು ನಂಬಿದ್ದೆ. ಕೊಟ್ಟ, ಇಲ್ಲವೆನ್ನಲಾರೆ. ಆದರೆ ಒಡೆದ ಗೋಡೆಯ ಮಣ್ಣು ಕಲ್ಲು ಸಾಗಿಸಲು ಟ್ರ್ಯಾಕ್ಟರಿನವನು ಅದರ ಮೂರರಷ್ಟು ಕೇಳಿದ. ಮನೆ ಕಟ್ಟಲು ದುಡ್ಡು ಬೇಕೆಂದು ಲೋಕಕ್ಕೆಲ್ಲ ಗೊತ್ತು. ಕೆಡವಲೂ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ!

ಮಣ್ಣೆಲ್ಲ ಹೋಗಿ ಸೈಟು ಅಂಗೈಯಂತೆ ಸಪಾಟಾದಾಗ ಮುನಿಯಪ್ಪ ಮೇಸ್ತ್ರಿ ಕೇಳಿದರು: "ಅಮ್ಮಾ, ಇವತ್ತು ರಾತ್ರಿಯಿಂದ ನೀವೆಲ್ಲಿರ್ತೀರಾ?"

ನಾನು ಪಾತ್ರೆಗಳ ಮೂಟೆ, ಟ್ರಂಕು, ತುಳಸಿ ಕುಂಡದ ಜೊತೆ ರಸ್ತೆಯಲ್ಲಿ ನಿಂತಿದ್ದೆ. ಮಕ್ಕಳೇ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮನೆ ಮುಗಿಯುವವರೆಗೆ ನಿಮ್ಮ ಅಜ್ಜಿ ಎಲ್ಲಿ ವಾಸಿಸತಕ್ಕದ್ದು ಎಂಬ ವಿಚಾರ ಲೆಕ್ಕದಲ್ಲಿ ಬಂದೇ ಇರಲಿಲ್ಲ! ಎದುರುಮನೆಯ ಜಯಮ್ಮ ತಮ್ಮ ಮಹಡಿ ಮೇಲಿನ ರೂಮು ಕೊಟ್ಟರು. "ನಿಮ್ಮ ಹತ್ರ ಬಾಡಿಗೆ ಬೇಡ ಲಕ್ಷ್ಮಮ್ಮ" ಎಂದರು. ನಾನು ಸಂಕೋಚದಿಂದ "ಅಯ್ಯೋ, ತಗೊಳ್ಳಿ" ಎಂದೆ. ತೆಗೆದುಕೊಂಡುಬಿಟ್ಟರು!

ಅಲ್ಲಿಗೆ "ಇತರೆ" ಮುಗಿಯಿತು. ಪಾಯ ಇನ್ನೂ ತೋಡಿರಲಿಲ್ಲ.

ಆಮೇಲಿನದು ಕೇಳಬೇಡಿ. ಕೆಲಸಕ್ಕೆಂದೇ ತಾತ್ಕಾಲಿಕ ಕರೆಂಟು ಬೇಕು. ಗೋಡೆಗೆ ನೀರು ಹಾಯಿಸಲು ಟ್ಯಾಂಕರು ಬೇಕು. ರಸ್ತೆಯಲ್ಲಿ ಸುರಿಸಿದ್ದ ಜಲ್ಲಿಯ ಮೇಲೆ ಯಾರದೋ ಸ್ಕೂಟರು ಜಾರಿತು. ಅವನಿಗೇನೂ ಆಗಲಿಲ್ಲ, ಸ್ಕೂಟರಿನ ಕನ್ನಡಿ ಒಡೆಯಿತು. "ಪರವಾಗಿಲ್ಲ ಬಿಡಿ ಆಂಟಿ" ಎಂದು ಅವನು ಹೊರಟಿದ್ದ. ಅವನು ಅಷ್ಟು ಮರ್ಯಾದೆಯಿಂದ ಹೇಳಿದ್ದಕ್ಕೆ ನನಗೆ ನಾಚಿಕೆಯಾಗಿ ಕೂಗಿ ಕರೆದು ದುಡ್ಡು ಕೊಟ್ಟೆ. ಬೈದಿದ್ದರೆ ಉಳಿಯುತ್ತಿತ್ತು!

ಇಷ್ಟಾದರೂ ಗೋಡೆ ಎದ್ದಿತು, ಕೆಳಮನೆಗೆ ತಾರಸಿ ಹಾಕಿದ್ದಾಯಿತು, ಮೇಲ್ಮನೆಯ ಗೋಡೆಯೂ ಎದ್ದಿತು. ಸಿಮೆಂಟಿನಲ್ಲಿ ಉಳಿಸಿ, ಬಣ್ಣದಲ್ಲಿ ಉಳಿಸಿ, ಕಬೋರ್ಡುಗಳನ್ನು "ಆಮೇಲೆ ನೋಡೋಣ" ಎಂದು ಹೊಡೆದುಹಾಕಿ ಹೇಗೋ ಸರಿದೂಗಿಸಿದೆ. ಒಂದು ದಿನ ಮುಂಬಾಗಿಲಿನ ತೇಗದ ಚೌಕಟ್ಟಿನ ಕೆಳಗೆ ನಿಂತು ಮೇಸ್ತ್ರಿಗೆ ಹೇಳಿದೆ: "ನೋಡಿದ್ರಾ ಮೇಸ್ತ್ರಿ, ಎಲ್ಲದಕ್ಕೂ ದುಡ್ಡು ಸಾಲ್ತು."

"ಬಾಗಿಲು ಯಾವಾಗ ತರಿಸ್ತೀರಾ ಅಮ್ಮಾ?"

"ಇದೇನಿದು ಮತ್ತೆ?" ಎಂದು ಚೌಕಟ್ಟು ತಟ್ಟಿದೆ.

"ಅದು ಚೌಕಟ್ಟು. ಮುಚ್ಚೋ ಬಾಗಿಲು ಬೇರೆ ಕೊಳ್ಬೇಕಲ್ವಾ?"

ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿಸಿ, ನಿಲ್ಲಿಸಿದ್ದೆ. ಅದರ ಪೂಜೆಯ ತೆಂಗಿನಕಾಯಿಗೂ ಲೆಕ್ಕ ಬರೆದಿದ್ದೆ. ಬಾಗಿಲನ್ನೇ ಮರೆತಿದ್ದೆ! ಅಂಗಡಿಯಲ್ಲಿ ಬೆಲೆ ಕೇಳಿ ಬಂದು ಜಯಮ್ಮನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬಾಗಿಲಿಲ್ಲದ ಮನೆಯಲ್ಲಿ ಒಂಟಿ ಹೆಂಗಸು ಇರುವಂತಿಲ್ಲ. ನಿಮ್ಮಮ್ಮನಿಗೆ ಕೊಟ್ಟ ಮಾತಿನ ಪ್ರಕಾರ ಇನ್ನು ಲಿಫ್ಟೇ ಗತಿ.

ಅದೇ ಹೊತ್ತಿಗೆ ಮೇಲ್ಮನೆಯ ತಾರಸಿಗೆ ಕಾಂಕ್ರೀಟು ಹಾಕುವ ದಿನ, ಅಂದರೆ ಮೋಲ್ಡಿನ ದಿನ ಬಂತು. ಆ ದಿನ ಕೆಲಸದವರಿಗೆಲ್ಲ ಮನೆಯವರು ಊಟ ಹಾಕುವುದು ವಾಡಿಕೆ. ಬಾಗಿಲಿಗೆ ದುಡ್ಡಿಲ್ಲದಿದ್ದರೂ ಊಟಕ್ಕೆ ಹಿಂದೆಗೆಯಬಾರದೆಂದು ಮುದ್ದೆ, ಕೋಳಿಸಾರು, ಅನ್ನ, ಪಾಯಸ ಮಾಡಿಸಿದೆ. ಬಿಸಿಲು ಜೋರಿತ್ತು. ಜಯಮ್ಮನ ಮಾತಿನಂತೆ ಶಾಮಿಯಾನ ಹಾಕಿಸಿದೆ. ಶಾಮಿಯಾನದವನು ತನ್ನ ಅಭ್ಯಾಸದಂತೆ ಎರಡು ಬಾಳೆಕಂದು ಕಟ್ಟಿ, ಮಾವಿನ ತೋರಣವನ್ನೂ ಬಿಟ್ಟು ಹೋದ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಮೇಲೆ ಕಾಂಕ್ರೀಟಿನ ಸದ್ದು, ಕೆಳಗೆ ಸಾರಿನ ಘಮ. ಬೀದಿಯ ಕೊನೆಯ ಮನೆಯ ಕಾಂತಮ್ಮನವರು ರೇಷ್ಮೆ ಸೀರೆ ಉಟ್ಟು, ಕೋಲೂರಿಕೊಂಡು ಬಂದರು. ಬಂದವರೇ ನನ್ನ ಕೈಗೊಂದು ಕವರು ತುರುಕಿದರು.

"ಗೃಹಪ್ರವೇಶ ಇಟ್ಕೊಂಡು ನನ್ನನ್ನ ಕರೀದೇ ಹೋದ್ಯಲ್ಲೇ ಲಕ್ಷ್ಮಮ್ಮ! ಹೋಗ್ಲಿ ಬಿಡು, ಕೆಲಸದ ಗಡಿಬಿಡಿ. ನಾನು ಹಾಗೆಲ್ಲ ಮನಸ್ಸಲ್ಲಿ ಇಟ್ಕೊಳ್ಳೋಳಲ್ಲ."

ಮನೆಗೆ ಬಾಗಿಲಿಲ್ಲ, ನೆಲಕ್ಕೆ ಟೈಲ್ಸಿಲ್ಲ, ಮೇಲಿನ ಸೂರು ಈಗಷ್ಟೇ ಹಾಕುತ್ತಿದ್ದಾರೆ! ಆದರೆ ಎಂಬತ್ತರ ಮುದುಕಿ ರೇಷ್ಮೆ ಸೀರೆ ಉಟ್ಟು ಬಂದಾಗ "ಇದು ಗೃಹಪ್ರವೇಶವಲ್ಲ" ಎಂದರೆ ಅವರಿಗೆಷ್ಟು ಅವಮಾನ? ಎದುರಿಗೆ ಮಾತು ಬರಬೇಕಾದಲ್ಲಿ ನನಗೆ ಬಂದದ್ದು ಒಂದೇ: "ಊಟಕ್ಕೆ ಕೂತ್ಕೊಳ್ಳಿ."

ಅಷ್ಟೇ ಸಾಕಾಯಿತು! ಕಾಂತಮ್ಮ ಎಲೆಯ ಮುಂದೆ ಕುಳಿತದ್ದನ್ನು ಪಕ್ಕದ ಬೀದಿಯವರು ನೋಡಿದರು. ಯಾರೋ ಬೀದಿಯವರ ವಾಟ್ಸಾಪಿಗೆ ಬಾಳೆಕಂದಿನ ಫೋಟೋ ಹಾಕಿದರು. ಜನ ಬಂದರು. ಒಬ್ಬೊಬ್ಬರ ಕೈಯಲ್ಲೂ ಮುಯ್ಯಿ ದುಡ್ಡಿನ ಕವರು.

"ಮೇಲೆ ಮೋಲ್ಡು, ಕೆಳಗೆ ಗೃಹಪ್ರವೇಶ! ಒಂದೇ ಶಾಮಿಯಾನದಲ್ಲಿ ಎರಡೂ ಮುಗಿಸ್ಬಿಟ್ರು. ಏನ್ ಜಾಣೆ ನೋಡ್ರೀ!" ಎಂದು ಒಬ್ಬರು.

"ಟೈಲ್ಸ್ ಹಾಕ್ಸಿಲ್ಲ?" ಎಂದು ಇನ್ನೊಬ್ಬರು.

"ಈಗ ಇದೇ ಫ್ಯಾಷನ್ನಂತೆ. ನಮ್ಮ ನಾದಿನಿ ಮನೇಲೂ ಹೀಗೇ ಬರೀ ಸಿಮೆಂಟು ಬಿಟ್ಟಿದಾರೆ," ಎಂದು ಮತ್ತೊಬ್ಬರೇ ಉತ್ತರ ಕೊಟ್ಟರು!

ನಾನು ಬಡಿಸುತ್ತಲೇ ಇದ್ದೆ. ಕೊನೆಯ ಪಂಕ್ತಿ ಎದ್ದಾಗ ಮೇಲಿನ ಸದ್ದು ನಿಂತಿತು. ಮೇಸ್ತ್ರಿ ಮತ್ತು ಅವರ ಕಡೆಯವರೆಲ್ಲ ಮೈತುಂಬ ಸಿಮೆಂಟು ಮಾಡಿಕೊಂಡು, ಕೈಕಾಲು ತೊಳೆದು ಶಾಮಿಯಾನದೊಳಗೆ ಬಂದು ನಿಂತರು. ಪಾತ್ರೆಯಲ್ಲಿ ಒಂದು ಮುದ್ದೆಯೂ ಇರಲಿಲ್ಲ.

"ಅಮ್ಮಾ, ಊಟ?"

"ಬೀದಿ ತಿಂದುಬಿಡ್ತು ಮೇಸ್ತ್ರಿ," ಎಂದೆ. ನಿಜ ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ!

ಸೆರಗಿನ ಗಂಟು ಬಿಚ್ಚಿ, ಕೈಗೆ ಸಿಕ್ಕಷ್ಟು ಕವರು ಒಡೆದು, ಸರ್ಕಲ್ಲಿನ ಹೋಟೆಲಿನಿಂದ ಎಲ್ಲರಿಗೂ ಬಿರಿಯಾನಿ ತರಿಸಿದೆ. ಅವರು ಉಣ್ಣುತ್ತಿರುವಾಗ ಆಟೋದಿಂದ ನಿಮ್ಮಮ್ಮ ಇಳಿದಳು. ಹಿಂದೆಯೇ ಅಳಿಯಂದಿರು, ಅಂದರೆ ನಿಮ್ಮಪ್ಪ, ಕಂಕುಳಲ್ಲಿ ದೊಡ್ಡ ಗೋಡೆ ಗಡಿಯಾರ. ನಿಮ್ಮಮ್ಮನ ಕಣ್ಣು ಕೆಂಪಾಗಿತ್ತು.

"ಹೆತ್ತ ಮಗಳನ್ನ ಕರೀದೇ ಗೃಹಪ್ರವೇಶ ಮಾಡ್ಕೊಂಡ್ಯಾ ಅಮ್ಮಾ? ಜಯಮ್ಮಾಂಟಿ ಸ್ಟೇಟಸ್ ನೋಡಿ ನಂಗೆ ಗೊತ್ತಾಗ್ಬೇಕಾ?"

"ಗೃಹಪ್ರವೇಶ ಅಲ್ಲ ಕಣೇ!"

"ಮತ್ತೆ ಈ ಬಾಳೆಕಂದು?"

"ಅದು ಶಾಮಿಯಾನದವನದು."

"ಈ ಜನ?"

"ಅವರು ಅವರಷ್ಟಕ್ಕೆ ಬಂದ್ರು."

"ನಿನ್ನ ಸೆರಗಲ್ಲಿರೋ ಕವರು?"

ಅಳಿಯಂದಿರು ಗಡಿಯಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಅಪ್ಪಿಕೊಂಡೇ ನಿಂತಿದ್ದರು. ನಾನು ಎಲ್ಲವನ್ನೂ, ಬಾಗಿಲು ಮರೆತದ್ದನ್ನೂ ಸೇರಿಸಿ, ಮೊದಲಿನಿಂದ ಹೇಳಿದೆ. ನಿಮ್ಮಮ್ಮ ಮೊದಲು ಅತ್ತಳು. ಆಮೇಲೆ ನಕ್ಕಳು. ಆಮೇಲೆ ನಗು ತಡೆಯಲಾರದೆ ಮರಳಿನ ಗುಡ್ಡೆಯ ಮೇಲೆ ಕುಳಿತಳು.

ಬಿರಿಯಾನಿ ಖರ್ಚು ಕಳೆದು ಉಳಿದ ಕವರುಗಳನ್ನು ಎಣಿಸಿದಾಗ ನಾನೇ ಮೂಗಿನ ಮೇಲೆ ಬೆರಳಿಟ್ಟೆ. ಒಂದು ಮುಂಬಾಗಿಲಿಗೆ ಸರಿಯಾಗಿ ಇತ್ತು. ಚಿಲಕ, ತಿರುಗಣೆ, ಬೀಗ ಎಲ್ಲ ಸೇರಿ!

"ತಗೋಬಾರ್ದು ಕಣೇ," ಎಂದೆ. "ಸುಳ್ಳು ಗೃಹಪ್ರವೇಶದ ಮುಯ್ಯಿ."

"ಹಾಗಾದ್ರೆ ನಿಜವಾದ ಗೃಹಪ್ರವೇಶ ಮಾಡಿ ಎಲ್ಲರನ್ನೂ ಕರಿ. ನಿಜಾನೂ ಹೇಳು. ಬಾಯಿಬಿಟ್ಟು ಹೇಳ್ಬೇಕು, ನಾನು ಹೇಳಲ್ಲ," ಎಂದಳು.

ಹೀಗೆ ಬಾಗಿಲು ಬಂತು, ಟೈಲ್ಸ್ ಬಂತು, ಎರಡನೆಯ ಗೃಹಪ್ರವೇಶವೂ ಬಂತು. ಅಂದು ನೀವಿಬ್ಬರೂ ಇದ್ದಿರಿ. ಇಡೀ ಬೀದಿ ಬಂದಿತ್ತು. ನಾನು ಹೊಸ್ತಿಲ ಮೇಲೆ ನಿಂತೆ. ನಾಲಿಗೆ ಒಣಗಿತು, ಕಾಲಿನ ಹೆಬ್ಬೆರಳು ನೋಡಿದೆ, ಅದು ಹೊಸ ಟೈಲ್ಸಿನ ಮೇಲಿತ್ತು. ಅದನ್ನು ನೋಡಿ ಎಲ್ಲಿಂದಲೋ ಧೈರ್ಯ ಬಂತು.

"ಅವತ್ತು ಗೃಹಪ್ರವೇಶ ಆಗಿರ್ಲಿಲ್ಲ," ಎಂದು ಗಟ್ಟಿಯಾಗಿ ಹೇಳಿದೆ. "ಅವತ್ತು ಮೋಲ್ಡಿನ ಊಟ. ನಿಮ್ಮ ಮುಯ್ಯಿ ದುಡ್ಡಲ್ಲಿ ಈ ಬಾಗಿಲು ಬಂದಿದೆ. ಇವತ್ತು ಯಾರೂ ಮುಯ್ಯಿ ಮಾಡ್ಬೇಡಿ. ಊಟ ಮಾಡಿ ಹೋಗಿ."

ಕಾಂತಮ್ಮ ಕೋಲು ಕುಟ್ಟಿ ನಕ್ಕರು. "ನಂಗೆ ಅವತ್ತೇ ಗೊತ್ತಿತ್ತು ಕಣೇ, ತಲೆ ಮೇಲೆ ಸಿಮೆಂಟು ನೀರು ಸೋರ್ತಿತ್ತು! ಕೋಳಿಸಾರು ಚೆನ್ನಾಗಿತ್ತು ಅಂತ ಸುಮ್ನಿದ್ದೆ!" ಬೀದಿಗೆ ಬೀದಿಯೇ ನಕ್ಕಿತು.

ಹಾಲು ಉಕ್ಕಿಸುವ ಹೊತ್ತಿಗೆ ನಾನು ಅಭ್ಯಾಸದಂತೆ ಹಿಂದೆ ಸರಿದು ನಿಮ್ಮಮ್ಮನನ್ನು ಮುಂದೆ ಬಿಟ್ಟೆ. ಗಂಡನಿಲ್ಲದವರು ಇಂಥ ಕಡೆ ಮುಂದೆ ನಿಲ್ಲುವುದಿಲ್ಲವಲ್ಲ. ಕಾಂತಮ್ಮ ನನ್ನ ರಟ್ಟೆ ಹಿಡಿದು ಒಲೆಯ ಮುಂದೆ ತಂದು ನಿಲ್ಲಿಸಿದರು. "ಕಟ್ದೋಳು ನೀನು. ಇನ್ಯಾರು ಉಕ್ಕಿಸ್ಬೇಕು?"

ಉಕ್ಕಿಸಿದೆ ಮಕ್ಕಳೇ. ಪೂರ್ವಕ್ಕೇ ಉಕ್ಕಿತು. ನಿಮ್ಮ ತಾತ ಇದ್ದಿದ್ದರೆ "ಒಲೆ ಹಾಳಾಯ್ತಲ್ಲೇ" ಎನ್ನುತ್ತಿದ್ದರು. ಅಂದು ನನಗೆ ಇಡೀ ಮೂಡಲಪಾಳ್ಯವೇ ನನ್ನದೆನಿಸಿತು.

ಈಗ ನಾನು ನನ್ನ ಮನೆಯಲ್ಲೇ ಇದ್ದೇನೆ. ಲಿಫ್ಟಿಲ್ಲ! ಆದರೆ "ನಮ್ಮ ದುಡ್ಡಿನ ಬಾಗಿಲು" ಎಂದು ಬೀದಿಯ ಹೆಂಗಸರೆಲ್ಲ ತಟ್ಟದೆಯೇ ಒಳಗೆ ಬರುತ್ತಾರೆ. ಬಂದವರಿಗೆಲ್ಲ ಕಾಫಿ. ಕಾಫಿಪುಡಿಗೆ ನಾನು ಲೆಕ್ಕ ಬರೆದಿರಲಿಲ್ಲ. ಅವರ ಮನೆಯ ಮದುವೆ, ನಾಮಕರಣಗಳಿಗೆ ಮುಯ್ಯಿಯನ್ನು ಮೇಲೊಂದಿಷ್ಟು ಸೇರಿಸಿ ತೀರಿಸಬೇಕು. ಅದನ್ನೂ ಬರೆದಿರಲಿಲ್ಲ.

ಕಡೆಯದಾಗಿ ಒಂದು ಮಾತು. ಈ ಹಾಳೆಗಳನ್ನು ಕಳೆಯದೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಮನೆ ಕಟ್ಟಿದವಳು ನಾನು, ನನ್ನ ಮನೆಯಲ್ಲೇ ಇಡಬಹುದಲ್ಲ ಎಂದು ಕೇಳುತ್ತೀರಿ. ಇಡಬಹುದಿತ್ತು. ಎಲ್ಲಿಡುವುದು? ಕಬೋರ್ಡುಗಳನ್ನು ಇನ್ನೂ "ಆಮೇಲೆ" ನೋಡುತ್ತಲೇ ಇದ್ದೇನೆ!